ಬೇವಿನ ಸೋಪಿನ ಆಪಾ

ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯ ಆಪಾ ಬೇವಿನ ಸೋಪು ಮಾಡಿ ಮಾರುತ್ತಿದ್ದರು. ಚೀಟಿ ಅಂಟಿಸುವ ಮೊದಲು ಸೋಪನ್ನು ತಮ್ಮ ಮುಂಗೈಗೆ ಉಜ್ಜಿ ನೋಡುತ್ತಿದ್ದರು. “ಮೈಗೆ ಹಚ್ಚೋದೈತಿ ತಂಗಿ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಕೂಸಿನ ಸ್ನಾನಕ್ಕೆ ನೀರು ಹದ ಮಾಡುತ್ತಿದ್ದೆ. ಆಪಾ ಬರಿಗಾಲಲ್ಲಿ ಓಡಿಬಂದರು.

“ನಿನ್ನೆ ಕೊಟ್ಟ ಸೋಪು ಕೂಸಿಗೆ ಹಚ್ಚೀಯೇನು?”

“ಇನ್ನೂ ಇಲ್ರೀ ಆಪಾ. ಯಾಕ್ರೀ?”

ಅವರು ಹೊಸ್ತಿಲ ಬಳಿಯೇ ಕುಳಿತರು. ಈ ಸಲದ ಬೇವಿನ ಸೊಪ್ಪನ್ನು ಅವರ ತಮ್ಮ ಜವಳಗೇರಾದಿಂದ ತಂದಿದ್ದ. ಬೇವಿನ ಗಿಡಕ್ಕೆ ಯಾರು ಔಷಧಿ ಹೊಡೆಯುತ್ತಾರೆ ಎಂದುಕೊಂಡು ಆಪಾ ಚೀಟಿಯಲ್ಲಿ ‘ಸಾವಯವ ಬೇವು’ ಎಂದು ಅಚ್ಚು ಹಾಕಿಸಿದ್ದರು. ಆ ಗಿಡ ಇರುವುದು ಭತ್ತದ ಗದ್ದೆಯ ಬದುವಿನಲ್ಲಿ ಎಂದು ತಮ್ಮ ಹೇಳಿದ್ದು ಅಂದು ಬೆಳಿಗ್ಗೆ.

“ಭತ್ತಕ್ಕ ಔಷಧ ಹೊಡದ್ರ ಗಾಳಿಗೆ ಗಿಡದ ಮ್ಯಾಲೂ ಬೀಳತೈತಿ. ಮೈಗೆ ಹಚ್ಚೋದೈತಿ ತಂಗಿ.”

ಅವರ ಮುಂಗೈ ಕೆಂಪಗಾಗಿತ್ತು.

“ಉರಿಯಾಕತ್ತೈತೇನ್ರೀ?”

“ಮುಂಜಾನಿಂದ ಅದ ಸೋಪು ಉಜ್ಜಿ ಉಜ್ಜಿ ನೋಡಾಕತ್ತೀನಿ. ಸೋಪಿನಿಂದ ಕೆಂಪಾತೋ, ಉಜ್ಜಿದ್ದಕ್ಕ ಕೆಂಪಾತೋ, ತಿಳೀವಲ್ದು.”

ನೀರಿನ ಪಕ್ಕದಲ್ಲಿಟ್ಟಿದ್ದ ಸೋಪು ಎತ್ತಿಕೊಂಡು, ಚೀಟಿಯ ಮೇಲಿನ ‘ಸಾವಯವ’ವನ್ನು ಉಗುರಿನಿಂದ ಕೆರೆಯತೊಡಗಿದರು. ಅಕ್ಷರ ಹೋಯಿತು, ಕಾಗದ ಹರಿಯಿತು, ಉಗುರಿನ ಸಂದಿಗೆ ಸೋಪು ತುಂಬಿತು. ಅವರ ಕೈ ಮಾತ್ರ ನಿಲ್ಲಲಿಲ್ಲ.