ಭೂತಗನ್ನಡಿಯವರ ಬೂದು ಬಣ್ಣ

ಹಳೇ ಕಾರುಗಳ ಒಳಗಿಂದ ಗ್ಯಾರೇಜಿನವರು ಬಿಚ್ಚಿ ತಂದುಕೊಡುವ ಸವೆದ ಪ್ಲಾಸ್ಟಿಕ್ ಪಟ್ಟಿಗಳನ್ನು ಮನೆಯಲ್ಲೇ ಉಜ್ಜಿ, ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುವ ಅವರನ್ನು ಬೀದಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಹಾಲಿನವನ ಅಳತೆಯಿಂದ ಹಿಡಿದು ಡಾಕ್ಟರ ಚೀಟಿಯವರೆಗೆ ಯಾವುದನ್ನೂ ಅವರು ಒಂದೇ ಸಲಕ್ಕೆ ನಂಬಿದವರಲ್ಲ. ಸವೆದದ್ದನ್ನು ಹೊಸದು ಮಾಡುವುದು ಎಷ್ಟು ಸುಲಭ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ಅಳಿಯ ತಾನು ಕೊಳ್ಳಬೇಕೆಂದಿದ್ದ ಕಾರನ್ನು ಮನೆ ಮುಂದೆ ನಿಲ್ಲಿಸಿ, "ಮಾವ, ಒಬ್ಬರೇ ಓಡಿಸಿದ್ದಂತೆ, ಅದೂ ಅಪರೂಪಕ್ಕೆ" ಎಂದಾಗ ಅವರ ಮೂಗು ಚುರುಕಾಯಿತು. ಬಾಗಿಲ ಹಿಡಿಯನ್ನು ಉಗುರಿನಿಂದ ಕೆರೆದರು, ಡ್ಯಾಶ್‌ಬೋರ್ಡನ್ನು ಮೂಸಿದರು, ಸಂದಿಗೊಂದಿಗೆಲ್ಲ ಟಾರ್ಚ್ ಬಿಟ್ಟರು. ಒಂದು ತಪ್ಪೂ ಸಿಗಲಿಲ್ಲ. ಸಿಗದಿದ್ದದ್ದೇ ಅವರ ಅನುಮಾನಕ್ಕೆ ಕಾರಣವಾಯಿತು. ಬಾಗಿಲ ಪಟ್ಟಿಯನ್ನೇ ಮೆಲ್ಲಗೆ ಕಿತ್ತು ತಿರುಗಿಸಿದರು. ವಾಪಸು ಜೋಡಿಸುವಾಗ ಗೊಂದಲವಾಗದಿರಲೆಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: ಎಡ, ಮುಂದಿನದು. ಅಕ್ಷರ ಅವರದೇ.

ಪಟ್ಟಿಯನ್ನು ಟಪ್ಪೆಂದು ಮತ್ತೆ ಕೂರಿಸಿ, "ಈ ಕಾರು ಬೇಡ. ಮಾರೋನು ಶುದ್ಧ ಕಳ್ಳ! ಒಳಗೆಲ್ಲ ಬಣ್ಣ ಹೊಡೆಸಿದಾನೆ" ಎಂದು ಗುಡುಗಿದರು.

"ಹೌದಾ? ಹಾಗಾದ್ರೆ ಬಣ್ಣ ಹೊಡೆದೋನೂ ಕಳ್ಳನೇ ಅಲ್ವಾ ಮಾವ?"

"ಅವನಿಗೇನು ಗೊತ್ತಿರುತ್ತೆ, ಪಾಪ. ಅವನ ಪಾಡಿಗೆ ಅವನು ಕೆಲಸ ಮಾಡಿರ್ತಾನೆ."

ಮಾವ ಒಬ್ಬರ ಪರವಾಗಿ ಮಾತಾಡಿದ್ದನ್ನು ಅಳಿಯ ಕೇಳಿದ್ದು ಅದೇ ಮೊದಲು. ಅವನು ಮಾವನ ಮುಖ ನೋಡಿದ. ಆಮೇಲೆ ಅವರ ಉಗುರುಸಂದಿಯಲ್ಲಿದ್ದ ಬೂದು ಬಣ್ಣ ನೋಡಿದ. ಆಮೇಲೆ ಬಾಗಿಲಿನ ಬೂದು ಪಟ್ಟಿಯನ್ನು ನೋಡಿದ.