ಓರೆಯಾಗಿ ಒರಗಿಸಿಟ್ಟ ಕತ್ತಿ

ನನ್ನ ಗಡ್ಡಕ್ಕೆ ಕತ್ತಿಯೇ ಬೇಕಿಲ್ಲ, ಒರಟು ಟವೆಲ್ಲಿನಿಂದ ಜೋರಾಗಿ ಒರೆಸಿದರೆ ಸಾಕು ಎಂದು ಅಕ್ಕ ಹೇಳುತ್ತಾಳೆ. ಅಂಥವನು ಹಳೆಯ ಚೌರದ ಕತ್ತಿಗಳನ್ನು ಕೂಡಿಡುತ್ತೇನೆ. ಹಿಡಿಯೊಳಗೆ ಮಡಚಿಕೊಳ್ಳುವಂಥವು, ಹಿಂದಿನವರು ಚರ್ಮದ ಪಟ್ಟಿಗೆ ಉಜ್ಜಿ ಬಳಸುತ್ತಿದ್ದಂಥವು. ಬ್ಲೇಡು ಬದಲಿಸುವ ಕತ್ತಿ ಬಂದ ಮೇಲೆ ಅವು ಗುಜರಿ ಸೇರಿದವು, ಗುಜರಿಯಿಂದ ನನ್ನ ತಗಡಿನ ಡಬ್ಬಿಗೆ ಬಂದವು. ಹಗಲು ನಾನು ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕಿರುತ್ತೇನೆ. ಮಾಲೀಕರ ದನಿ, ಗಿರಾಕಿಗಳ ದನಿ, ಗಿರಾಕಿಗಳ ಮುಂದೆ ಮಾತ್ರ ಮಾಲೀಕರು ತೆಗೆಯುವ ಇನ್ನೊಂದು ದನಿ, ಎಲ್ಲವನ್ನೂ ಅಣಕಿಸುತ್ತೇನೆ. ಸಂಜೆ ಹೊಸಪೇಟೆಯ ಮನೆಗೆ ಬಂದು ಕತ್ತಿಗಳಿಗೆ ಎಣ್ಣೆ ಹಚ್ಚುತ್ತೇನೆ.

ಆ ಕತ್ತಿ ಸಿಕ್ಕಿದ್ದು ಸಂಡೂರಿನ ಗುಜರಿ ಅಂಗಡಿಯಲ್ಲಿ, ಲಾರಿಯ ಹಳೆಯ ಬಿಡಿಭಾಗಗಳ ಕೆಳಗೆ. ಜರ್ಮನಿಯ ಉಕ್ಕು, ಕಪ್ಪು ಹಿಡಿ. ಹಿಡಿಯ ಮೇಲೆ ಸ್ವಸ್ತಿಕದಂಥದೇ ಗುರುತು, ಆದರೆ ವಾಲಿ ನಿಂತದ್ದು. ಅದು ಯಾರ ಗುರುತು ಎಂದು ನೋಡಿದ ಕೂಡಲೇ ನನಗೆ ತಿಳಿಯಿತು. ಕತ್ತಿ ಕೂಡಿಡುವವರದೇ ಒಂದು ಗುಂಪು ಮೊಬೈಲಿನಲ್ಲಿದೆ. ಅಲ್ಲಿ ಇಂಥದರ ಫೋಟೊ ಹಾಕುವವರು ಮೊದಲು ಗುರುತಿನ ಮೇಲೆ ಕರಿ ಟೇಪು ಅಂಟಿಸುತ್ತಾರೆ. ಟೇಪಿನಡಿ ಏನಿದೆಯೆಂದು ಎಲ್ಲರಿಗೂ ಗೊತ್ತು, ಆದರೂ ಅಂಟಿಸುವುದು ಅಲ್ಲಿಯ ಮರ್ಯಾದೆ. ನಾನೂ ಅಂಟಿಸಿದೆ. ಅಸಲಿಯೋ ನಕಲಿಯೋ ಎಂದು ಅವರು ಜಗಳವಾಡುವಾಗ ನನ್ನ ಎದೆ ಉಬ್ಬಿತ್ತು.

ಅವ್ವನಿಗೆ ಮಾತ್ರ ನನ್ನ ಡಬ್ಬಿ ಕಂಡರೆ ಆಗದು. “ಇದರಾಗ ಸತ್ತೋರ ಮನ್ಯಾಗ ತಲಿ ಬೋಳಿಸಿದ ಕತ್ತೀನೂ ಇರತಾವ. ಹೊಸ್ತಿಲ ದಾಟಿಸಬ್ಯಾಡ,” ಎಂದು ಅದನ್ನು ಹಿಂಬಾಗಿಲ ಆಚೆಯ ಬಚ್ಚಲ ಅಟ್ಟಕ್ಕೆ ಹಾಕಿಸಿದ್ದಳು. ಹೊಸ ಕತ್ತಿಯನ್ನು ಒಳಗೆ ತರುವ ಆಸೆಗೆ ಟೇಪು ಕಿತ್ತೆ. ಟಿವಿ ಜ್ಯೋತಿಷಿಯ ದನಿ ತೆಗೆದು, “ನೋಡವ್ವ, ಸ್ವಸ್ತಿಕ. ಮನೆಗೆ ಶುಭವೇ ಬಂದಿದೆ,” ಎಂದೆ.

“ಇದ್ಯಾಕಲೇ ಸೊಟ್ಟ ಐತಿ?”

“ಜರ್ಮನಿಯೋರಿಗೆ ನೆಟ್ಟಗ ಬರಿಯಾಕ ಬರಂಗಿಲ್ಲವ್ವ.”

ಅವ್ವ ನಕ್ಕಳು. ಅವ್ವ ನಕ್ಕರೆ ನನಗೆ ಬಾಗಿಲು ತೆರೆದ ಹಾಗೆಯೇ.

ಮರುದಿನ ಕತ್ತಿ ದೇವರ ಜಗಲಿಯ ಮೇಲಿತ್ತು. ಸ್ವಸ್ತಿಕ ಬರೆದರೆ ಅದರ ನಾಲ್ಕು ಸಂದಿಗೂ ಚುಕ್ಕಿ ಇಡುವುದು ನಮ್ಮ ರೂಢಿ. ಇದರಲ್ಲಿ ಚುಕ್ಕಿ ಇರಲಿಲ್ಲವಾದ್ದರಿಂದ ಅವ್ವ ಕುಂಕುಮದಲ್ಲಿ ಇಟ್ಟಿದ್ದಳು. ಗುರುತು ವಾಲಿದೆಯೆಂದು ಕತ್ತಿಯನ್ನೇ ದೀಪದ ಕಂಬಕ್ಕೆ ಓರೆಯಾಗಿ ಒರಗಿಸಿದ್ದಳು. ಈಗ ಸ್ವಸ್ತಿಕ ನೆಟ್ಟಗೆ ನಿಂತಿತ್ತು. ಅವ್ವ ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ ಅಳತೆ ನೋಡಿದ್ದನ್ನು ಗೆಸ್ಟ್‌ಹೌಸಿನ ಗೆಳೆಯರಿಗೆ ನಾನು ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಇನ್ನೊಮ್ಮೆ ಮಾಡು ಅಂದರು, ಮಾಡಿದೆ.

ಆಮೇಲೆ ಅಕ್ಕನ ಮಗನ ಜವಳಕ್ಕೆ ದಿನ ಗೊತ್ತಾಯಿತು. ಹುಟ್ಟುಗೂದಲು ತೆಗೆಸುವುದು ಕಂಪ್ಲಿಯಲ್ಲಿ, ಮನೆದೇವರ ಗುಡಿಯ ಮುಂದೆ. ಕೂಸು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ, ಅಂದರೆ ನನ್ನ ತೊಡೆಯ ಮೇಲೆ. ಅವ್ವ ಆಗಲೇ ನಿಶ್ಚಯಿಸಿದ್ದಳು. “ಕೂಸಿನ ತಲಿಗೆ ಆ ಸ್ವಸ್ತಿಕದ ಕತ್ತೀನ ಆಗಬೇಕು.”

“ಅದು ಮೊಂಡ ಆಗೇತಿ ಅವ್ವ,” ಎಂದೆ.

“ಕಾಕಾ ಹದ ಮಾಡ್ತಾನ ಬಿಡು.”

ನಿಜ ಹೇಳಲು ಅಂದೇ ಸಾಧ್ಯವಿತ್ತು. ಹೇಳಲಿಲ್ಲ. ಕಾಕಾ ಎಂದರೆ ನಮ್ಮ ಮನೆತನಕ್ಕೆಲ್ಲ ಜವಳ ತೆಗೆಯುತ್ತ ಬಂದ ಕಂಪ್ಲಿಯ ಕ್ಷೌರಿಕರು. ಹಳೆಯ ಕತ್ತಿ ಕೂಸಿಗೆ ಬ್ಯಾಡ್ರಿ ಎಂದು ಅವರೇ ಅಂದಾರು, ನನ್ನ ಮರ್ಯಾದೆ ಉಳಿದೀತು ಎಂದು ಕಾದೆ.

ಅಲ್ಲಿ ಕಾಕಾ ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿದರು, ಪಟ್ಟಿಗೆ ಉಜ್ಜಿದರು, ತಮ್ಮ ಮುಂಗೈಯ ಕೂದಲ ಮೇಲೆ ಆಡಿಸಿದರು. “ಮಸ್ತ್ ಐತ್ರಿ ಅವ್ವಾರ. ಈಗ ಇಂಥ ಉಕ್ಕು ಎಲ್ಲಿ ಬರತೈತಿ?” ಎಂದರು. ಕೂಸಿನ ತಲೆಗೆ ನೀರು ಹಚ್ಚಿದ್ದಾಗಿತ್ತು. ಒದ್ದೆ ಕೂದಲು ನನ್ನ ಅಂಗಿಗೆ ತಾಗುತ್ತಿತ್ತು. ಕಾಕಾ ಬಗ್ಗಿದರು. ನಾನು ಕೂಸಿನ ತಲೆಯನ್ನು ಅಂಗೈಯಿಂದ ಮುಚ್ಚಿದೆ.

“ಬ್ಯಾಡ್ರಿ. ಅದು ನಮ್ಮ ಸ್ವಸ್ತಿಕ ಅಲ್ಲ.”

ಅಕ್ಕ ನಕ್ಕಳು. ಅವ್ವನೂ ನಕ್ಕಳು. “ಇದು ಯಾರ ದನಿಲೇ? ಆ ಜ್ಯೋತಿಷಿದೇನು?” ಎಂದಳು ಅಕ್ಕ. ಅವಳ ತಪ್ಪಲ್ಲ. ಹೆದರಿಕೆಗೆ ನನ್ನ ಬಾಯಿ ತಾನಾಗಿ ಯಾರದೋ ಗಂಭೀರ ದನಿಯನ್ನು ಎರವಲು ತಂದಿತ್ತು. ಇನ್ನೊಮ್ಮೆ ಹೇಳಿದೆ, ಇನ್ನೊಬ್ಬರ ಹಾಗೆ ಕೇಳಿಸಿತು. ನನ್ನ ಕೈ ಮಾತ್ರ ಕೂಸಿನ ತಲೆ ಬಿಟ್ಟಿರಲಿಲ್ಲ. ಅಕ್ಕ ಅದನ್ನು ನೋಡಿ ನಗು ನಿಲ್ಲಿಸಿದಳು.

“ನಿನ್ನ ದನಿಯಾಗ ಹೇಳು.”

ಹೇಳಿದೆ. ಸಣ್ಣಗೆ, ತೊದಲುತ್ತ. “ಜರ್ಮನಿಯಾಗ ಈ ಗುರುತಿನೋರು ಯಹೂದಿ ಜನಾನ ಹುಡುಕಿ ಹುಡುಕಿ ಕೊಂದ್ರು. ಕೂಸುಗಳನ್ನೂ ಬಿಡಲಿಲ್ಲ. ಹಿಡಕೊಂಡು ಹೋಗಿ ತಲಿ ಬೋಳಿಸ್ತಿದ್ರು.”

ಕಾಕಾ ಕತ್ತಿಯನ್ನು ಮಡಚಿ ಕಲ್ಲಿನ ಮೇಲೆ ಇಟ್ಟರು. ಅವ್ವ ಅದನ್ನೇ ನೋಡುತ್ತಿದ್ದಳು. ಚುಕ್ಕಿಗಳು ಬಿಸಿನೀರಿಗೆ ಕರಗಿ ಹಿಡಿಯುದ್ದಕ್ಕೂ ಕೆಂಪಗೆ ಇಳಿದಿದ್ದವು.

“ನಿನಗ ಯಾವಾಗ ಗೊತ್ತಾತು?” ಎಂದಳು.

“ತಂದಾಗ.”

“ತಂದಾಗ,” ಎಂದಳು ಅವ್ವ. “ನಾ ದಿನಾ ಹೂವ ಏರಿಸಿದೆನಲ್ಲೋ.” ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಎಂದಾದರೂ ಅಣಕಿಸಿ ಹಗುರಾಗುತ್ತಿದ್ದೆ.

ಕೂಸನ್ನು ಅಕ್ಕ ಎತ್ತಿಕೊಂಡುಬಿಡುತ್ತಾಳೆ ಅಂದುಕೊಂಡೆ. ಎತ್ತಿಕೊಳ್ಳಲಿಲ್ಲ. “ಗಟ್ಟಿ ಹಿಡ್ಕೋ. ಅಲ್ಲಾಡಿದರ ಗಾಯ ಆಗತೈತಿ,” ಎಂದಳು. ಕಾಕಾ ಕೈತೊಳೆದು ಬಂದು, ತಮ್ಮ ಕತ್ತಿಗೆ ಹೊಸ ಬ್ಲೇಡು ಹಾಕಿ ಜವಳ ತೆಗೆದರು. ಕೂಸು ಅಳುವಷ್ಟು ಹೊತ್ತೂ ನನ್ನ ಬೆರಳನ್ನು ಹಿಡಿದುಕೊಂಡಿತ್ತು. ಬೇರೆ ದಿನವಾಗಿದ್ದರೆ ಆ ಅಳುವನ್ನು ಅಣಕಿಸಿ ಕೂಸನ್ನೇ ನಗಿಸುತ್ತಿದ್ದೆ.

ವಾಪಸು ಬರುವಾಗ ಆಟೊದಲ್ಲಿ ಅಕ್ಕ ನನ್ನ ಮೊಬೈಲು ಕೇಳಿದಳು. ಗುಂಪಿನಲ್ಲಿ ಹಾಕಿದ್ದ ಫೋಟೊ ತೋರಿಸಿದೆ. ಟೇಪನ್ನು ದೊಡ್ಡದು ಮಾಡಿ ನೋಡಿದಳು.

“ಪರಿಚಯ ಇಲ್ಲದೋರಿಗೆ ಮುಚ್ಚಿ ತೋರಿಸಿದಿ,” ಎಂದು ಮೊಬೈಲು ವಾಪಸು ಕೊಟ್ಟಳು. ಮಾತಿನ ಉಳಿದರ್ಧವನ್ನು ಅವ್ವ ಪಕ್ಕದಲ್ಲಿದ್ದಳೆಂದು ನುಂಗಿದಳು.

ಕತ್ತಿ ಈಗ ಬಚ್ಚಲ ಅಟ್ಟದ ಡಬ್ಬಿಯಲ್ಲಿದೆ. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ, ಗುರುತಿನ ಕೊಕ್ಕೆಗಳೊಳಗಿನ ಕುಂಕುಮ ಪೂರ್ತಿ ಹೋಗಿಲ್ಲ. ಮಾರುವುದಾದರೆ ನಾವು ತಗೊಳ್ಳುತ್ತೇವೆ ಎಂದು ಗುಂಪಿನಲ್ಲಿ ಅನ್ನುತ್ತಾರೆ. ಕೊಟ್ಟಿಲ್ಲ.

ಕಂಪ್ಲಿಯಿಂದ ಬಂದ ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ಕೆನ್ನೆಗೆ ನೊರೆ ಹಚ್ಚಿಕೊಳ್ಳುತ್ತಿದ್ದೆ. ಅವ್ವ ದೀಪ ಹಚ್ಚಿದಳು, ಒಂದೊಂದೇ ಪಟಕ್ಕೆ ಕುಂಕುಮ ಇಡುತ್ತ ಬಂದಳು. ದೀಪದ ಕಂಬದ ಹತ್ತಿರ ಬಂದಾಗ ಅವಳ ಕತ್ತು ರೂಢಿಯಂತೆ ಒಂಚೂರು ವಾಲಿತು, ಬೆರಳು ಮುಂದೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳನ್ನು ಹಾಗೇ ತಡೆದು, ಸೆರಗಿಗೆ ಒರೆಸಿಕೊಂಡು, ಕತ್ತನ್ನು ನೆಟ್ಟಗೆ ಮಾಡಿಕೊಂಡಳು.