ಅತ್ತಿಗೆಯ ಬಿಳಿ ಕಲ್ಲು

ಅತ್ತಿಗೆ, ಆ ಬಿಳಿ ಮಾರ್ಬಲ್ ನಿಮ್ಮ ಅಡುಗೆಮನೆಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿಸಿದೆ. ನಿಮ್ಮ ಹೊಸ ಅಡುಗೆಮನೆ ಹಾಳಾಗಲಿ ಎಂದೇ — ಹೌದು, ಬೇಕೆಂದೇ ಹಾಕಿಸಿದೆ.

ಕಾರಣ ನಿಮಗೆ ನೆನಪಿರಲಿಕ್ಕಿಲ್ಲ. ಹಾಲಾಡಿಯಲ್ಲಿ ನಮ್ಮ ಹೊಸ ಮನೆಯ ಒಕ್ಕಲಿನ ದಿನ. ನಮ್ಮದು ಕಲ್ಲಿನ ಅಂಗಡಿ. ಬೇರೆಯವರ ಕೆಲಸದಲ್ಲಿ ಉಳಿದ ಕಪ್ಪು ಗ್ರಾನೈಟ್ ತುಂಡುಗಳನ್ನು ಜೋಡಿಸಿ ನನ್ನ ಗಂಡ ಅಡುಗೆಕಟ್ಟೆ ಮಾಡಿಕೊಟ್ಟಿದ್ದರು. ನೀವು ಆ ಸಂದಿನ ಮೇಲೆ ಬೆರಳೆಳೆದು, ನೆಂಟರಿಗೆಲ್ಲ ಕೇಳುವ ಹಾಗೆ ಹೇಳಿದಿರಿ:

“ಒಡ್ದ್ ಉಳ್ದ್ ಕಲ್ಲಾ ಇದ್, ಹೆಣೆ? ಲಾಯ್ಕಿತ್ತ್, ಖರ್ಚೇ ಇಲ್ಲೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ — ಮನೆಯೊಡತಿ, ಏನು ಮಾಡುವುದು. ಆಮೇಲೆ ಕಟ್ಟೆ ಒರೆಸುವಾಗಲೆಲ್ಲ ಆ ಸಂದು ಕಾಣುತ್ತಿತ್ತು, ನಿಮ್ಮ ಮಾತು ಕೇಳಿಸುತ್ತಿತ್ತು.

ಕೊನೆಗೆ ನೀವೇ ಬೈಂದೂರಿನಿಂದ ನಮ್ಮ ಅಂಗಡಿಗೆ ಬಂದಿರಿ, ಅಡುಗೆಮನೆ ಹೊಸದು ಮಾಡಬೇಕೆಂದು. ನಮ್ಮವರು ಒಂದು ಮನೆಯ ಅಳತೆಗೆಂದು ಕೆರಾಡಿಗೆ ಹೋಗಿದ್ದರು. ಇದ್ದಿದ್ದರೆ ಗ್ರಾನೈಟೇ ಸಾಕು ಎಂದು ಬುದ್ಧಿ ಹೇಳುತ್ತಿದ್ದರು. ನಿಮ್ಮ ಕಣ್ಣು ಬಿಳಿ ಮಾರ್ಬಲ್ ಮೇಲೆ. ಆದರೂ ನೀವು ಜಾಣೆ, ಕೇಳಬೇಕಾದ್ದನ್ನೇ ಕೇಳಿದಿರಿ.

“ಹುಳಿ, ಅರ್ಶಿನ ಬಿದ್ರೆ ಎಂತಾರೂ ಆತ್ತಾ?”

“ಎಂತ ಆತಿಲ್ಲೆ ಅತ್ಗಿ. ಒರ್ಸಿರೆ ಹೋತ್ತ್.”

ಒರೆಸಿದರೆ ಹೋಗುವುದಿಲ್ಲ. ಹುಣಸೆಹುಳಿ ಮಾರ್ಬಲ್ಲಿನ ಹೊಳಪನ್ನೇ ತಿನ್ನುತ್ತದೆ, ಅರಶಿನ ಕಲ್ಲಿನೊಳಕ್ಕೆ ಇಳಿಯುತ್ತದೆ. ಇದು ನಮ್ಮ ಅಂಗಡಿಯ ಬೆಕ್ಕಿಗೂ ಗೊತ್ತು.

ಬಜೆಟ್ ಮೀರಿತು ಎಂದು ನೀವು ಹಿಂಜರಿದಾಗ ದಾರಿ ತೋರಿಸಿದವಳೂ ನಾನೇ. ಹಿತ್ತಿಲಲ್ಲಿ ಮೀನು ಕೊಯ್ಯಲು ಒಂದು ಕಟ್ಟೆ ಬೇಕು ಎಂದಿದ್ದಿರಲ್ಲ, ಅದನ್ನು ಬಿಟ್ಟುಬಿಡಿ, ಈಗೆಲ್ಲ ಯಾರು ಹೊರಗೆ ಕೊಯ್ಯುತ್ತಾರೆ ಎಂದೆ. ನಮ್ಮ ಕಡೆ ಮೀನು ಹೊರಗೇ ಶುಚಿಯಾಗಿ ಒಳಗೆ ಬರಬೇಕು. ಆ ಕಟ್ಟೆ ಇಲ್ಲದಿದ್ದರೆ ಬಂಗುಡೆ, ರಕ್ತ, ಹುಳಿ ಎಲ್ಲವೂ ಬಿಳಿ ಕಲ್ಲಿನ ಮೇಲೆಯೇ — ಇಷ್ಟು ದೂರ ಲೆಕ್ಕ ಹಾಕಿದ್ದೆ. ಒಂದನ್ನು ಮಾತ್ರ ಯೋಚಿಸಲಿಲ್ಲ. ನಿಮ್ಮ ಮನೆಯಲ್ಲಿ ಮೀನು ಕೊಯ್ದು ಮಸಾಲೆ ಹಾಕುವವರು ನೀವಲ್ಲ. ನನ್ನ ಅಮ್ಮ, ನಿಮ್ಮ ಅತ್ತೆ.

ಕಲೆ ಬಿತ್ತು ಎಂದು ನೀವು ಫೋನಿನಲ್ಲಿ ಅತ್ತ ದಿನ ನಾನು ಪಾಯಸ ಮಾಡಿದೆ. ಸುಳ್ಳೇಕೆ ಹೇಳಲಿ. ಅಮ್ಮನಿಗೆ ನೀವು ಬೈದದ್ದೂ ಕಿವಿಗೆ ಬಿದ್ದಿತ್ತು, ಆದರೆ ಆ ಖುಷಿಯಲ್ಲಿ — ಮನಸ್ಸಿಗೆ ತಾಗಲಿಲ್ಲ.

ಹೋದ ತಿಂಗಳು ನಿಮ್ಮಲ್ಲಿಗೆ ಬಂದಾಗ ಕಂಡೆ. ಅಮ್ಮ ಹಿತ್ತಿಲ ಬಿಸಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. ಅಡುಗೆಮನೆಗೆ ಈಗ ನೀರು ಕುಡಿಯಲಿಕ್ಕೆ ಮಾತ್ರ ಹೋಗುತ್ತಾಳಂತೆ. ಯಾಕಮ್ಮ ಎಂದು ಕೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡಳು.

“ನನ್ ಕೈಯೇ ಸಮ ಇಲ್ಲೆ ಮಗಾ. ಅಷ್ಟ್ ಚಂದದ್ ಕಲ್ಲ್ ಹಾಳ್ ಮಾಡ್ದೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಬರೆ ಎಳೆದವಳು ನಾನು. ಆಗಲಾದರೂ ಬಾಯಿ ಬಿಡಬಹುದಿತ್ತು. ಅವಳು ಕೊಯ್ದುಕೊಟ್ಟ ಮೀನಿನಲ್ಲೇ ಊಟ ಮಾಡಿ, ಬಸ್ಸು ಹತ್ತಿದೆ.

ನಿಮ್ಮ ಕಲ್ಲಿನ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ ಅತ್ತಿಗೆ. ನಿಮ್ಮ ಆ ಮಾತು ಇನ್ನೂ ಚುಚ್ಚುತ್ತದೆ. ಇನ್ನೊಮ್ಮೆ ಅಂಥ ಅವಕಾಶ ಸಿಕ್ಕರೆ — ಏನು ಮಾಡುತ್ತೇನೋ, ಹೇಳಲಾರೆ. ಆದರೆ ಈ ಭಾನುವಾರ ಬರುತ್ತಿದ್ದೇನೆ, ಅಮ್ಮನಿಗೆ ಹಿತ್ತಿಲಲ್ಲಿ ಕಟ್ಟೆ ಕಟ್ಟಿಸಲು. ತರುವುದು ಅಂಗಡಿಯಲ್ಲಿ ಉಳಿದ ಕಪ್ಪು ಕಲ್ಲನ್ನೇ, ಬೇಕಾದರೆ ನಗಿ. ಅದಕ್ಕೂ ಮೊದಲು ನಿಮ್ಮೆದುರೇ ಅಮ್ಮನಿಗೆ ಹೇಳುತ್ತೇನೆ — ಆ ಕಲ್ಲು ಹಾಳು ಮಾಡಿದ್ದು ನಿನ್ನ ಕೈಯಲ್ಲ, ನಿನ್ನ ಮಗಳು.